ಗಾಯರಾಣದ ಬೇವಿಗೆ ಕಟ್ಟಿದ ಹಸಿರು ಅರಿವೆ

೧೯ ಮಾರ್ಚ್ ೧೯೬೨, ಸೋಮವಾರ

ಫಜರ್ ನಮಾಜು ಮುಗಿಸಿ ಎಮ್ಮೆ ಹಿಂಡಿದೆ. ಊರ ಮೇವಿನ ಬಯಲು ಗಾಯರಾಣಕ್ಕೆ ಹೊಡೆದುಕೊಂಡು ಹೋದರೆ ಬೇವಿನ ಗಿಡಗಳಿಗೆಲ್ಲ ಸುಣ್ಣದ ಪಟ್ಟಿ. ಕಡಿದು ಕಲ್ಲಿನ ಖಣಿ ತೆಗೆಯಲು ಒಬ್ಬ ಗುತ್ತೇದಾರ ಬಂದಿದ್ದಾನಂತೆ. ಊರ ದನಕ್ಕೆ ಮೇವು, ನೆರಳು ಇರುವುದು ಅಲ್ಲೊಂದೇ ಕಡೆ. ನೆರೆಮನೆಯ ಇಂದೂಬಾಯಿ ಬಾಗೇವಾಡಿಯ ತಾಲೂಕು ಮಾಮಲೇದಾರರಿಗೆ ಅರ್ಜಿ ಬರೆದಳು. ಊರೆಲ್ಲ ಸಹಿ, ಹೆಬ್ಬೆಟ್ಟು. ಗುತ್ತೇದಾರ ನಕ್ಕನಂತೆ.

೨೩ ಮಾರ್ಚ್, ಶುಕ್ರವಾರ

ಜವಾಬಿಲ್ಲ. ಎರಡು ಗಿಡ ಬಿದ್ದವು. ತಾಳಲಿಲ್ಲ... ದರ್ಗಾಕ್ಕೆ ಹೊದಿಸಿ ತೆಗೆದ ಹಳೆಯ ಹಸಿರು ಗಲೀಫು ಹರಿದು, ಫಾತಿಹಾ ಓದಿ, ಉಳಿದ ಗಿಡಗಳಿಗೆ ಕಟ್ಟಿದೆ. ಆ ಅರಿವೆ ಕಟ್ಟಿದ್ದಕ್ಕೆ ಇಲ್ಲಿ ಯಾವ ಜಾತಿಯವರೂ ಕೈಹಚ್ಚುವುದಿಲ್ಲ. ಕೂಲಿಯವರು ಕೊಡಲಿ ಕೆಳಗಿಟ್ಟರು. "ನಾವು ಮುಟ್ಟೂದಿಲ್ರಿ."

ಅಲ್ಲಾಹನ ಕರುಣೆ.

೨ ಎಪ್ರಿಲ್, ಸೋಮವಾರ

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ. ಗುತ್ತೇದಾರ ಚಾದ ಅಂಗಡಿಯಲ್ಲಿ ಕೂತು ಹಬ್ಬಿಸಿದ್ದಾನೆ— ಸಾಬರು ಗಾಯರಾಣ ದರ್ಗಾಕ್ಕೆ ಹಾಕಿಕೊಳ್ಳುತ್ತಾರೆ ಎಂದು. ಸಹಿ ಮಾಡಿದವರೇ ಮುಖ ತಿರುಗಿಸುತ್ತಾರೆ. ನಾಳೆ ಮಧ್ಯಾಹ್ನ ಅರ್ಜಿಯ ತಪಾಸಣೆಗೆ ಮಾಮಲೇದಾರರು ಬರುವವರು. ಊರು ಒಡೆದರೆ ಗಿಡ ಹೋದಂತೆಯೇ.

ಇಂದೂಬಾಯಿ ಬಾಗಿಲಲ್ಲೇ ನಿಂತು ಬೈದಳು. "ಅರಿವಿ ಕಟ್ಟೂ ಮೊದಲ ಒಂದು ಮಾತ ಕೇಳಬಾರದಿತ್ತೇನು ಖಾತುನಕ್ಕಾ?"

"ಕೇಳಿದ್ರ ನೀ ಮತ್ತೊಂದು ಅರ್ಜಿ ಬರೀತಿದ್ದಿ."

ಇಬ್ಬರಿಗೂ ನಗು. ಬಹಳ ಹೊತ್ತು ಉಳಿಯಲಿಲ್ಲ.

"ಬಿಚ್ತೇನಿ. ಎಲ್ಲಾರ ಮುಂದ ಬಿಚ್ತೇನಿ," ಎಂದೆ.

ಫಾತಿಹಾ ಓದಿ ಕಟ್ಟಿದ ಗಂಟು. ಗಾಯರಾಣಕ್ಕೆ ಹೋಗಿ ಒಂದೊಂದಾಗಿ ಬಿಚ್ಚಿದೆ. ಯಾ ಅಲ್ಲಾಹ್, ಮಾಫ್ ಮಾಡು. ಚಾದ ಅಂಗಡಿಯವರೆಲ್ಲ ಎದ್ದು ಬಂದು ನೋಡಿದರು.

"ಅರಿವಿ ಬಿಚ್ಚಿದಿ. ಇನ್ನ ಕೊಡ್ಲಿಗೆ ಅಡ್ಡ ಯಾರವ್ವಾ?" ಇಂದೂಬಾಯಿ ಕೇಳಿದಳು.

"ನಾ ಅದೀನಲ್ಲ ಅಡ್ಡ."

"ಭಾರಿ ದಪ್ಪ ಅದಿ ನೋಡು! ನಿನ್ನ ಮಗ್ಗಲಕ ನಾನೂ ನಿಂದರ್ತೇನಿ, ತಗೋ."

೩ ಎಪ್ರಿಲ್, ಬೆಳಿಗ್ಗೆ

ಅರಿವೆ ಮಡಚಿ ಪೆಟ್ಟಿಗೆಯಲ್ಲಿಟ್ಟೆ. ರೊಟ್ಟಿ, ಉಳ್ಳಾಗಡ್ಡಿ ಕಟ್ಟಿಕೊಂಡೆ. ಮಾಮಲೇದಾರರು ಬರುವುದರೊಳಗೆ ಎಲ್ಲ ಕೆಡವಲು ಗುತ್ತೇದಾರ ಹೊರಗಿನ ಕೂಲಿಯವರನ್ನು ತಂದಿದ್ದಾನಂತೆ. ನಮ್ಮ ಮನೆಯವರು ಹೋಗಬೇಡ ಅನ್ನಲಿಲ್ಲ. ಛತ್ರಿ ತಂದು ಕೈಗೆ ಕೊಟ್ಟರು— ಬಿಸಿಲೈತಿ, ಅಂದರು ಅಷ್ಟೇ.

ಹೊರಗೆ ಇಂದೂಬಾಯಿ ಕೂಗುತ್ತಿದ್ದಾಳೆ. "ಖಾತುನಕ್ಕಾ, ಲಾರಿ ಬಂತು! ಲಗೂನ ಬಾ!"

ಅವಳ ಹಿಂದೆ ಮಂದಿಯ ಗದ್ದಲ. ಚಾದ ಅಂಗಡಿಯವರ ದನಿಯೇ. ನಮ್ಮ ಕಡೆಗೋ, ಅವನ ಕಡೆಗೋ... ತಿಳಿಯದು. ಬಿಸ್ಮಿಲ್ಲಾ. ಚಪ್ಪಲಿ ಮೆಟ್ಟಿ ಹೊರಟೆ, ಗಿಡಕ್ಕೆ ಅಡ್ಡ ನಿಲ್ಲಲು.