ಬುಧವಾರದ ಏಟು

ಬರ್ಲಿಂಗ್ಟನ್
12 ಆಗಸ್ಟ್ 2025

ನನ್ನ ಮುದ್ದು ಅರುಂಧತಿ ಅಕ್ಕಾ,

ದಿನಾ ವಿಡಿಯೋದಲ್ಲಿ ಮುಖ ತೋರಿಸುವವಳು ಕಾಗದ ಯಾಕೆ ಬರೆದಳು ಎಂದು ನಗಬೇಡ. ನನ್ನ ಕಾನ್ವೆಂಟ್ ಕನ್ನಡದ ಒತ್ತಕ್ಷರಗಳನ್ನೂ ಕ್ಷಮಿಸಿಬಿಡು. ಸುಧನ್ವ ಇಡೀ ದಿನ ಮನೆಯಲ್ಲೇ ಇರುತ್ತಾನೆ, ಫೋನಿನಲ್ಲಿ ಆಡಿದ್ದೆಲ್ಲ ಕೇಳಿಸುತ್ತದೆ. ಇಲ್ಲೇ ಹುಟ್ಟಿದವನಲ್ಲವೇ, ಕನ್ನಡ ಮಾತಾಡುತ್ತಾನೆ, ಓದಲು ಮಾತ್ರ ಬರುವುದಿಲ್ಲ. ಈಗಲೂ ಎದುರಿಗೇ ಕೂತು, “ಅಕ್ಕಂಗೆ ಲವ್ ಲೆಟರಾ? ನನ್ ಬಗ್ಗೆ ಒಳ್ಳೇದೇ ಬರಿ, ಓಕೆ?” ಎನ್ನುತ್ತಿದ್ದಾನೆ.

ಹಾಗಾದರೆ ಒಳ್ಳೆಯದೇ ಮೊದಲು! ಮದುವೆಯಾಗಿ ಒಂಬತ್ತು ತಿಂಗಳಾಯಿತು, ಈಗಲೂ ಅವನ ಹೆಜ್ಜೆ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಅವನ ಕಡೆ ಓಡುತ್ತೇನೆ. ನಾನು ಸೀಸಿದ ಅಕ್ಕಿರೊಟ್ಟಿಯನ್ನು ಎರಡನೇ ಸಲ ಹಾಕಿಸಿಕೊಳ್ಳುವ ಗಂಡಸು ಭೂಮಿಯ ಮೇಲೆ ಇವನೊಬ್ಬನೇ ಇರಬೇಕು. ನಿಶ್ಚಿತಾರ್ಥದ ದಿನ ಚಿಕ್ಕಪ್ಪ, “ಐಸ್ ಹಾಕಿ ಆಡ್ತಾರಾ? ಅದು ಸರಿ, ಕೆಲಸ ಏನು ಮಾಡ್ತಾರೆ?” ಎಂದು ಕೇಳಿದ್ದು ನೆನಪಿದೆಯಾ? ಆಗ ನಾವಿಬ್ಬರೂ ಎಷ್ಟು ನಕ್ಕಿದ್ದೆವು!

ಆದರೆ ಅದೇ ಅವನ ಕೆಲಸ, ಅಕ್ಕಾ. ಆರು ವರ್ಷದ ಹುಡುಗನಾಗಿದ್ದಾಗಿನಿಂದ ಮಾವ ರಾಮಮೂರ್ತಿ ಬೆಳಗಿನ ಐದು ಗಂಟೆಗೆ ಹಿಮ ಕೆರೆದು ಕಾರು ತೆಗೆದು ಮಾರ್ಕಮ್‌ನ ರಿಂಕಿಗೆ, ಅಂದರೆ ಮಂಜುಗಡ್ಡೆಯ ಅಂಗಳಕ್ಕೆ, ಬಿಡುತ್ತಿದ್ದರಂತೆ. ಆಮೇಲೆ ನಾಲ್ಕು ವರ್ಷ ಯಾವ್ಯಾವುದೋ ಸಣ್ಣ ಊರಿನ ತಂಡಗಳು, ರಾತ್ರಿಯೆಲ್ಲ ಬಸ್ಸು. ಇಪ್ಪತ್ತೇಳಕ್ಕೆ ಕೊನೆಗೂ ದೊಡ್ಡ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ತಂಡದಲ್ಲಿ ಎರಡನೇ ಗೋಲ್‌ಕೀಪರ್. ಎರಡನೆಯವನೆಂದರೆ ಮೊದಲನೆಯವನಿಗೆ ಏನಾದರೂ ಆಗುವ ತನಕ ಬೆಂಚು ಕಾಯುವವನು. ಫೆಬ್ರವರಿಯಲ್ಲಿ ಮೊದಲನೆಯವನ ಮಂಡಿ ಹೋಯಿತು. ಶುಕ್ರವಾರದ ಮ್ಯಾಚಿಗೆ ಇವನೇ ಎಂದಾಯಿತು. ದೊಡ್ಡ ತಂಡದವರು ನೋಡಲು ಬರುತ್ತಾರೆಂದೂ ಗೊತ್ತಾಯಿತು. ಆ ವಾರ ನಾನು ನೆಲದ ಮೇಲೆ ನಡೆಯಲೇ ಇಲ್ಲ!

ಆ ವಾರ ಏನಾಯಿತೆಂದು ನಿನಗೆ ಅರ್ಧ ಮಾತ್ರ ಹೇಳಿದ್ದೇನೆ.

ಬುಧವಾರ ಅವನು ಸ್ಟ್ರೀಟ್ಸ್‌ವಿಲ್ ಹತ್ತಿರದ ಒಂದು ರಿಂಕಿನಲ್ಲಿ ಹಳೆಯ ಗೆಳೆಯನೊಬ್ಬನನ್ನು ಕರೆದುಕೊಂಡು ತಾನೇ ಅಭ್ಯಾಸ ಮಾಡಲು ಹೋಗಿದ್ದ. ಚೆಂಡಿನ ಬದಲು ಇಲ್ಲಿ ಆಡುವುದು ಗಟ್ಟಿ ರಬ್ಬರಿನ ಕರಿ ಬಿಲ್ಲೆಯಲ್ಲಿ, ಪಕ್ ಎನ್ನುತ್ತಾರೆ. ಅದು ಮುಖವಾಡದ ಮೇಲೆ, ಸರಿಯಾಗಿ ಕಿವಿಯ ಹತ್ತಿರ ಬಡಿಯಿತಂತೆ. ಬಂದವನೇ ಸೋಫಾದ ಮೇಲೆ ಬಿದ್ದುಕೊಂಡು, “ಇಟ್ಸ್ ನಥಿಂಗ್ ಕಣೇ. ಅಪ್ಪಂಗೆ ಹೇಳ್ಬೇಡ, ಟೀಮಿಗಂತೂ ಬೇಡ್ವೇ ಬೇಡ” ಎಂದ. ಎರಡು ಸಲ ವಾಂತಿ ಮಾಡಿಕೊಂಡ. ನಾನು ಯಾರಿಗೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಾಫಿಗೆಂದು ಹಾಲು ಸುರಿದ. ಲೋಟದ ಪಕ್ಕಕ್ಕೆ ಸುರಿದ, ಅಕ್ಕಾ. ಹಾಲು ಕಟ್ಟೆಯಿಂದ ಕಾಲಿನ ಮೇಲೆ ಬಿದ್ದ ಮೇಲೆ ಬಗ್ಗಿ ನೋಡಿದ. ನಾನು ಮೂರಡಿ ದೂರದಲ್ಲಿ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಈ ಮನೆಯಲ್ಲಿ ಮ್ಯಾಚಿನ ದಿನ ಗೋಲ್‌ಕೀಪರನನ್ನು ಎದ್ದಾಗಿನಿಂದ ಆಟ ಮುಗಿಯುವ ತನಕ ಯಾರೂ ಮಾತಾಡಿಸುವಂತಿಲ್ಲ. ಮನೆ ತುಂಬಿಸಿಕೊಂಡ ವಾರವೇ ಅತ್ತೆ ಹೇಳಿದ್ದರು: “ಅವತ್ತು ಅವ್ನು ಮಡೀಲಿದಾನೆ ಅಂದ್ಕೊಳಮ್ಮ. ತಿಂಡಿ ಇಡು, ದೂರ ಹೋಗು. ಹದಿನೆಂಟು ವರ್ಷದಿಂದ ನಾನೇ ಬಾಯಿ ಮುಚ್ಕೊಂಡಿದೀನಿ, ನಿನ್ನ ಕೈಲಾಗಲ್ವಾ?” ನನ್ನ ಕೈಲಾಗುತ್ತದೆ ಎಂದು ತೋರಿಸಬೇಕಿತ್ತು. ಹಾಲು ಒರೆಸಿದೆ. ಎಂಥ ಒಳ್ಳೆ ಸೊಸೆ ನಾನು ಎಂದು ಹೆಮ್ಮೆ ಕೂಡ ಪಟ್ಟೆ.

ಅವತ್ತಿನ ಮ್ಯಾಚಿನಲ್ಲಿ ಆರು ಗೋಲು ಬಿಟ್ಟ. ನಾಲ್ಕನೆಯದಕ್ಕೆ ಕೈ ಎತ್ತಲೂ ಇಲ್ಲ, ಜನ ಹೋ ಎಂದು ಅಣಕಿಸಿದರು. ಕೊನೆಗೆ ಎದುರಾಳಿ ತಂಡದ ಒಬ್ಬ ಜಾರಿಬಂದು ಗುದ್ದಿದ, ಇವನ ತಲೆ ಗೋಲಿನ ಕಂಬಕ್ಕೆ ಬಡಿಯಿತು. ಇದಿಷ್ಟು ನಿನಗೆ ಗೊತ್ತು. ಆಮೇಲೆ ಆಸ್ಪತ್ರೆ, ಬೆಳಕು ತಾಳಲಾರದೆ ಪರದೆ ಎಳೆದ ಕೋಣೆ, ಮಾರ್ಚ್, ಏಪ್ರಿಲ್, ಮೇ.

ಅವನಿಗೆ ಆ ಇಡೀ ವಾರವೇ ನೆನಪಿಲ್ಲ. ಬುಧವಾರದ್ದು ನೆನಪಿಲ್ಲ, ಹಾಲೂ ನೆನಪಿಲ್ಲ. ಆ ಗೆಳೆಯ ಕೆಲಸಕ್ಕೆಂದು ದೂರ ಹೋಗಿದ್ದಾನೆ, ಅವನು ಅದನ್ನು ದೊಡ್ಡದೆಂದು ಎಣಿಸಿಯೂ ಇರಲಿಕ್ಕಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ, “ಶಿವು, ಆವತ್ತು ಬೆಳಿಗ್ಗೆ ನಾನ್ ಸರಿಯಾಗಿದ್ನಾ?” ಎಂದು ಕೇಳಿದ. “ಚೆನ್ನಾಗೇ ಇದ್ದೆ” ಎಂದುಬಿಟ್ಟೆ. ಅವನ ಮುಖ ಅರಳಿತು. ಅದೇ ಮೊದಲನೇ ಸುಳ್ಳು.

ಈಗ ಡಾಕ್ಟರು ಏನೆನ್ನುತ್ತಾರೆ ಗೊತ್ತಾ? ಒಂದೇ ಏಟಾದ್ದರಿಂದ, ಇಷ್ಟು ವಿಶ್ರಾಂತಿ ಸಿಕ್ಕಿರುವುದರಿಂದ ಮತ್ತೆ ಆಡಬಹುದು. ಎರಡು ದಿನದ ಅಂತರದಲ್ಲಿ ಎರಡು ಬಿದ್ದಿದ್ದರೆ ಯಾವ ಕಾರಣಕ್ಕೂ ಸಹಿ ಹಾಕುತ್ತಿರಲಿಲ್ಲವಂತೆ, ಇನ್ನೊಂದು ಬಿದ್ದರೆ ಏಳುತ್ತಾನೆಂದು ಹೇಳಲಾಗದಂತೆ. ಸೆಪ್ಟೆಂಬರಿನಲ್ಲಿ ತಂಡದ ಕ್ಯಾಂಪು. ಸುಧನ್ವ ಪ್ಯಾಡುಗಳನ್ನು ಬಿಸಿಲಿಗೆ ಹಾಕಿದ್ದಾನೆ, ಶಿಳ್ಳೆ ಹಾಕುತ್ತಾನೆ. ಮಾವ ದಿನಾ ಸಂಜೆ ಫೋನ್ ಮಾಡಿ, “ಏನಪ್ಪಾ, ರೆಡಿನಾ?” ಎನ್ನುತ್ತಾರೆ. ಅವನು ಮೆಟ್ಟಿಲು ಇಳಿಯುವಾಗ ಈಗಲೂ ಗೋಡೆ ಹಿಡಿಯುವುದನ್ನು ನೋಡಿದವಳು ನಾನೊಬ್ಬಳೇ.

ಹೇಳಿದರೆ ಅವನ ಇಪ್ಪತ್ತೊಂದು ವರ್ಷದ ಬದುಕು ನನ್ನ ಬಾಯಿಂದ ಮುಗಿಯುತ್ತದೆ. ಆಮೇಲೆ ಅವನು ನನ್ನ ಕಡೆ ಹೇಗೆ ನೋಡುತ್ತಾನೆಂದು ಊಹಿಸಿಕೊಳ್ಳಲೂ ಆಗುತ್ತಿಲ್ಲ. ಆದರೂ ಮುಂದಿನ ಮಂಗಳವಾರ ಡಾಕ್ಟರ್ ಹತ್ತಿರ ಹೋಗುವುದಿದೆ. ಹೇಳಿಯೇ ಹೇಳುತ್ತೇನೆ, ನಿನ್ನಾಣೆ.

ಪುಟ್ಟುವಿಗೆ ನನ್ನ ಮುತ್ತು.

ನಿನ್ನ ಹುಚ್ಚು ತಂಗಿ,
ಶಿವಾನಿ

ಮತ್ತೆ ಬರೆದದ್ದು, 20ರಂದು: ಈ ಕಾಗದ ಎಂಟು ದಿನ ನನ್ನ ಬ್ಯಾಗಿನಲ್ಲೇ ಇತ್ತು. ನಿನ್ನೆ ಡಾಕ್ಟರು ನನ್ನನ್ನೇ ಕೇಳಿದರು, ಮುಂಚೆ ಏನಾದರೂ ಏಟು ಬಿದ್ದಿತ್ತಾ ಎಂದು. ಇಲ್ಲ ಎಂದೆ. ಸಹಿ ಹಾಕಿದರು. ಪಾರ್ಕಿಂಗಿನಲ್ಲಿ ಅವನು ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ, ನಾನೂ ಜೋರಾಗಿ ನಕ್ಕೆ. ನಿಜವಾಗಿ ಖುಷಿಯಾಗಿತ್ತು, ಅಕ್ಕಾ. ಕ್ಯಾಂಪು ಸೆಪ್ಟೆಂಬರ್ ಹದಿನೆಂಟಕ್ಕೆ. ಡಾಕ್ಟರರ ನಂಬರು ಈ ಹಾಳೆಯ ಹಿಂದೆ ಇದೆ. ಕಾಗದ ಸಿಕ್ಕ ದಿನವೇ ನೀನು ಅವರಿಗೆ ಫೋನ್ ಮಾಡು. ಬೇಡ ಎಂದು ನಾನು ಅತ್ತುಕೊಂಡರೂ ಮಾಡು.