ನಾನು ಅಳೆಯದ ತ್ರಿಜ್ಯ

ಮಾರ್ಚ್ ೧೪, ಶನಿವಾರ
ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಟೀಚರಮ್ಮನಿಗೆ,

ನಿನ್ನ ಅಕ್ಕ ಫೋನಿನಲ್ಲಿ ಎರಡು ವಿಷಯ ತಿಳಿಸಿದರು. ತಿಂಗಳ ಕೊನೆಗೆ ನೀನು ಶಾಲೆಗೆ ರಾಜೀನಾಮೆ ಕೊಡಲಿದ್ದೀಯೆ. ಕಾರಣ ಕೇಳಿದರೆ, ನನ್ನ ರಕ್ತದಲ್ಲೇ ಸತ್ವ ಇಲ್ಲ ಕಣಕ್ಕ, ಇನ್ನು ಕೂದಲು ಎಲ್ಲಿಂದ ಬರ್ಬೇಕು, ಎಂದು ನಕ್ಕೆಯಂತೆ. ಆ ಮಾತು ತಪ್ಪು. ತಪ್ಪೆನ್ನಲು ನನ್ನಲ್ಲಿ ಆಧಾರವಿದೆ.

ಕೂದಲು ಉದುರತೊಡಗಿದಾಗ ಆ ಚರ್ಮದ ಕ್ಲಿನಿಕ್ಕಿಗೆ ನಿನ್ನನ್ನು ಕರೆದೊಯ್ದವನು ನಾನೇ. ಅಲ್ಲಿನ ಸೆಂಟ್ರಿಫ್ಯೂಜ್ ನನ್ನ ಉಸ್ತುವಾರಿಯಲ್ಲಿತ್ತು. ನಿನ್ನ ತೋಳಿನಿಂದ ತೆಗೆದ ರಕ್ತವನ್ನು ವೇಗವಾಗಿ ತಿರುಗಿಸಿ, ಕೂದಲ ಬೇರನ್ನು ಚಿಗುರಿಸಬಲ್ಲ ಪ್ಲೇಟ್‌ಲೆಟ್ ಕಣಗಳು ದಟ್ಟವಾಗಿರುವ ಪ್ಲಾಸ್ಮಾವನ್ನು ಬೇರ್ಪಡಿಸುವ ಯಂತ್ರ ಅದು. ಆ ಪ್ಲಾಸ್ಮಾವನ್ನೇ ನಿನ್ನ ನೆತ್ತಿಗೆ ಚುಚ್ಚುತ್ತಿದ್ದರು. ಮಿಷನ್ನು ನಮ್ಮನೆಯವ್ರದ್ದೇ, ಕೂದಲು ಬರದಿದ್ರೆ ಮನೇಲೇ ವಿಚಾರಿಸ್ಕೋತೀನಿ, ಎಂದು ನೀನು ನರ್ಸನ್ನು ನಗಿಸಿದ್ದೆ.

ನಿನ್ನ ಮೊದಲ ಸರದಿಗೆ ವಾರ ಮುಂಚೆ, ನಳಿಕೆಗಳನ್ನು ಹಿಡಿದು ತಿರುಗುವ ರೋಟರ್ ಬಿರುಕು ಬಿಟ್ಟಿತ್ತು. ಬದಲಿಸಿದೆ. ಹೊಸದು ಹಳೆಯದಕ್ಕಿಂತ ಚಿಕ್ಕದು. ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನಷ್ಟೇ ಅಳೆದೆ, ಸರಿಯಿತ್ತು, ತಪಾಸಣೆಯಾಗಿದೆಯೆಂಬ ಸ್ಟಿಕರ್ ಅಂಟಿಸಿ ಸಹಿ ಹಾಕಿದೆ. ತ್ರಿಜ್ಯ ಕಡಿಮೆಯಾದರೆ ಅಷ್ಟೇ ಸುತ್ತಿಗೆ ಬಲವೂ ಕಡಿಮೆಯೆಂದು ನೀನು ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡುತ್ತೀಯೆ. ಮೂರು ತಿಂಗಳು, ಮೂರು ಸರದಿ, ನಿನ್ನ ತಲೆಗೆ ಸೇರಿದ್ದು ಬಹುಮಟ್ಟಿಗೆ ಆ ಕಣಗಳು ದಟ್ಟವಾಗದ ಬರೀ ಪ್ಲಾಸ್ಮಾ. ಯಂತ್ರ ಸರಿಯಿದ್ದಿದ್ದರೆ ಕೂದಲು ಬರುತ್ತಿತ್ತೆಂದು ಹೇಳಲಾರೆ; ಈ ಚಿಕಿತ್ಸೆ ಎಲ್ಲರಿಗೂ ಫಲಿಸುವುದಿಲ್ಲ. ಆದರೆ ನಿನ್ನ ರಕ್ತಕ್ಕೆ ತನ್ನ ಶಕ್ತಿ ತೋರಿಸುವ ಅವಕಾಶವೇ ಸಿಗಲಿಲ್ಲ.

ಬೋರ್ಡಿನತ್ತ ತಿರುಗಿದರೆ ಅಗಲವಾದ ಬೈತಲೆ ಮಕ್ಕಳಿಗೆ ಕಾಣುತ್ತದೆಂದು ನೀನು ಪಕ್ಕಕ್ಕೆ ನಿಂತು ಬರೆಯಲು ಕಲಿತಿದ್ದೆ. ಮೂರೂ ಸರದಿ ಮುಗಿದ ಮೇಲೆ ಒಂದು ಸಂಜೆ ಅದನ್ನು ಅಡುಗೆಮನೆಯ ಗೋಡೆಯ ಮುಂದೆ ನಿಂತು ನನಗೆ ತೋರಿಸಿದೆ. ಕೂದಲಿನದ್ದೇನು ಮಹಾ, ನನಗೂ ಉದುರಿಲ್ಲವೇ ಎಂದೆ ನಾನು. ನಿಮ್ಮ ತಲೆ ನೋಡಿ ಯಾರೂ ಪಾಪ ಅನ್ನಲ್ಲ, ಎಂದು ಹೇಳಿ ನೀನು ಒಳಗೆ ಹೋದೆ. ಆ ವಾರವೇ ಅಕ್ಕನ ಮನೆಗೆ ಹೊರಟೆ. ನಾನು ತಡೆಯಲಿಲ್ಲ. ನಿನ್ನ ಇಚ್ಛೆಗೆ ಕೊಟ್ಟ ಗೌರವ ಎಂದುಕೊಂಡಿದ್ದೆ. ಈಗ ನೋಡಿದರೆ, ಅದರಲ್ಲಿ ಒಂದಿಷ್ಟು ನಿರಾಳವೂ ಇತ್ತು.

ನಿನ್ನೆ ಡಾಕ್ಟರಿಗೆ ಎಲ್ಲವನ್ನೂ ಲಿಖಿತವಾಗಿ ತಿಳಿಸಿದ್ದೇನೆ. ಆ ಅವಧಿಯಲ್ಲಿ ಬಂದ ಉಳಿದ ಹೆಂಗಸರಿಗೂ ಅವರು ಹೇಳಿ ಕಳಿಸುತ್ತಿದ್ದಾರೆ. ಮತ್ತೆ ಚಿಕಿತ್ಸೆ ಬೇಕೋ ಬೇಡವೋ ನೀನೇ ನಿರ್ಧರಿಸು. ನನ್ನ ತಪ್ಪಿಗಾಗಿ ಶಾಲೆಯನ್ನು ಮಾತ್ರ ಬಿಡಬೇಡ.

ಇಂತಿ,
ನೀನು ಅಳತೆಗಾರನೆಂದು ಕರೆಯುತ್ತಿದ್ದವನು

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಉಳಿದದ್ದು: ತಪ್ಪು ನನಗೆ ಈಚೆಗೆ ಗೊತ್ತಾಯಿತೆಂದು ನೀನು ಭಾವಿಸಿರುತ್ತೀಯೆ. ಹಾಗಲ್ಲ. ಮೂರನೆಯ ಸರದಿಯ ಹಿಂದಿನ ದಿನವೇ ಎರಡೂ ರೋಟರ್‌ಗಳನ್ನು ಪಕ್ಕಪಕ್ಕ ಇಟ್ಟು ಅಳೆದಿದ್ದೆ. ಮರುದಿನ ಸೂಜಿ ಇಳಿಯುವಾಗ ನೀನು ನನ್ನ ಕೈ ಹಿಡಿದುಕೊಂಡು, ಇದೇ ಕೊನೇದು, ಈ ಸಲ ಹಿಡಿಯತ್ತೆ ನೋಡಿ, ಎಂದೆ. ನಾನು ಹೂಂ ಎಂದೆ.