ನಿಮ್ಮಿಬ್ಬರ ಶನಿವಾರಗಳು

ಬೇಗಂ ಬಜಾರ್, ಹೈದರಾಬಾದ್
20 ಜನವರಿ 2025, ಸೋಮವಾರ

ಐಶೂ, ನನ್ನ ಮಗಳೇ,

ಒಂದೇ ಊರಿನಲ್ಲಿದ್ದುಕೊಂಡು ಅವ್ವ ಪತ್ರ ಬರೆದಿದ್ದಾಳೆಂದು ನಿನಗೆ ಆಶ್ಚರ್ಯವಾಗಬಹುದು. ನಿನಗೆ ಫೋನ್ ಹಚ್ಚುವುದು ಎರಡು ನಿಮಿಷದ ಕೆಲಸ. ನಿನ್ನೆ ಮೂರು ಸಲ ನಿನ್ನ ಹೆಸರು ಒತ್ತಿ, ಗಂಟೆ ಬಾರಿಸುವ ಮೊದಲೇ ಕಟ್ ಮಾಡಿದೆ. ನಿನ್ನ ದನಿ ಕೇಳಿದೊಡನೆ ನನಗೆ ಮತ್ತೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಕಾಗದದ ಮೇಲಾದರೆ ತಪ್ಪಿದ್ದನ್ನು ಹೊಡೆದು ಹಾಕಬಹುದು. ಮೊದಲ ಹಾಳೆಯನ್ನು ಪೂರ್ತಿ ಹೊಡೆದು ಹಾಕಿ ಇದನ್ನು ಶುರು ಮಾಡಿದ್ದೇನೆ.

ಸಂಕ್ರಾಂತಿಯ ದಿನ ನೀನು ಬಂದಿದ್ದೆ. ಈ ವರ್ಷ ನಮಗೆ ಹಬ್ಬವಿಲ್ಲವೆಂದು ಗೊತ್ತಿದ್ದೂ ಬಂದೆ. ಚಪ್ಪಲಿ ಬಿಡುವ ಮೊದಲೇ, "ಅವ್ವಾ, ಅಪ್ಪ ನಿನಗ ಹೇಳು ಅಂತ ಒಂದು ಮಾತು ಹೇಳ್ಯಾರ. ಈಗರ ಕೇಳಿಸ್ಕೋತಿಯೇನು?" ಎಂದೆ. "ನಿನಗ ಹೇಳಿದ್ದು ನಿನ್ನ ಹತ್ರಾನೇ ಇರ್ಲಿ. ಎಲ್ಲಾ ನಿನ್ನ ಹತ್ರಾನೇ ಅದಲ್ಲ" ಎಂದು ನಾನು ಅಡುಗೆಮನೆಗೆ ಹೋದೆ. ಹೊರಗೆ ಬಂದಾಗ ನೀನಿರಲಿಲ್ಲ. ನೀನು ಮೆಟ್ಟಿಲಿಳಿಯುವ ಸದ್ದು ನನಗೆ ಕೇಳಿಸಿತ್ತು. ಕೂಗಿ ಕರೆಯಬಹುದಿತ್ತು, ಕರೆಯಲಿಲ್ಲ.

ನಿಜ ಬರೆಯುತ್ತೇನೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ತಾಯಿಯನ್ನು ನೀನು ನೋಡಿರಲಿಕ್ಕಿಲ್ಲ, ಈಗ ನೋಡು.

ನಿಮ್ಮಪ್ಪ ಹೋದ ಮೇಲೆ ಮಾಡಿದ ಶಿವಗಣಾರಾಧನೆಯ ದಿನ ಪಂಕ್ತಿ ಮುಗಿದ ಮೇಲೆ ನಿನ್ನ ಅತ್ತೆ ಪಾರ್ವತೆಮ್ಮ ಎಲ್ಲರೆದುರು ನಿನ್ನ ತಲೆ ನೇವರಿಸಿ, "ನಾಕು ತಿಂಗಳು ಅಪ್ಪನ್ನ ಒಬ್ಬಾಕಿನೇ ದವಾಖಾನಿಗಿ ಕರಕೊಂಡು ತಿರಗ್ಯಾಳ. ಗಂಡಮಗ ಇದ್ರೂ ಇಷ್ಟು ಮಾಡ್ತಿರಲಿಲ್ಲ" ಎಂದರಲ್ಲ, ಅಲ್ಲಿಂದ ಇದು ಶುರುವಾಯಿತು. ಅಕ್ಟೋಬರಿನಲ್ಲಿ ನಿಮ್ಮಪ್ಪನನ್ನು ಆಸ್ಪತ್ರೆಗೆ ಸೇರಿಸಿದಾಗಲೇ ಮನೆಯವರಿಗೆಲ್ಲ ಕಾಯಿಲೆಯ ವಿಷಯ ತಿಳಿದದ್ದು. ನಿಮ್ಮಿಬ್ಬರಿಗೆ ಮಾತ್ರ ಜೂನ್‌ನಿಂದಲೇ ತಿಳಿದಿತ್ತು. ಅಂಗಡಿಗೆ ಶನಿವಾರ ಅರ್ಧ ದಿನ ರಜೆ ಹಾಕಿ, "ಐಶೂನ್ನ ನೋಡ್ಕೊಂಡು ಬರ್ತೀನಿ" ಎಂದು ಹೊರಡುತ್ತಿದ್ದರು. ಅವರು ತೊಟ್ಟು ಹೋಗುತ್ತಿದ್ದ ಅಂಗಿಗಳಿಗೆ ಇಸ್ತ್ರಿ ಮಾಡಿಕೊಟ್ಟವಳು ನಾನು. ಅವರು ಬಂದ ಮೇಲೆ ಊಟ ಬೇಡವೆಂದರೆ, ಮಗಳು ತಿನ್ನಿಸಿ ಕಳಿಸಿದ್ದಾಳೆ ಎಂದುಕೊಂಡು ಅದಕ್ಕೂ ಮುಖ ಊದಿಸುತ್ತಿದ್ದೆ.

ಅವತ್ತು ನೆಂಟರು ಹೋದ ಮೇಲೆ ನಿನ್ನನ್ನು ಹಿಡಿದು ಕೇಳಿದೆ. ನೀನು ಅಳುತ್ತಲೇ ಎಲ್ಲ ಹೇಳಿದೆ. ಡಾಕ್ಟರನ್ನು ಕಂಡಮೇಲೆ ಆಸ್ಪತ್ರೆಯ ಎದುರಿನ ಚಹಾದ ಬಂಡಿಯ ಹತ್ತಿರ ಕುಳಿತು ಮಾತಾಡುತ್ತಿದ್ದಿರಿ, ಅವರು ಸಾವಿನ ಮಾತನ್ನೂ ಆಡುತ್ತಿದ್ದರು ಎಂದೆ. ನನಗೆ ತಡೆಯಲಾಗಲಿಲ್ಲ. "ನನ್ನ ಗಂಡನ್ನ ನನ್ನಿಂದ ಕಸಕೊಂಡಿ" ಎಂದುಬಿಟ್ಟೆ. ಮಗಳಿಗೆ ಹೇಳುವ ಮಾತೇ ಅದು? ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಿಮ್ಮಪ್ಪ ನಿನ್ನನ್ನು ಬೆಳೆಸಿದ ರೀತಿಯೇ ಬೇರೆ, ನನ್ನನ್ನು ಇಟ್ಟುಕೊಂಡ ರೀತಿಯೇ ಬೇರೆ. ನಿನಗೆ ಹದಿನೆಂಟು ತುಂಬುತ್ತಲೇ ಸ್ಕೂಟರ್ ಕಲಿಸಿದರು. ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದಾಗ ನಕ್ಕು ಮತ್ತೆ ಹತ್ತಿಸಿದರು. ನಾನು ಕಲಿಯುತ್ತೇನೆ ಎಂದಾಗ, "ನಿನಗ್ಯಾಕ ಆ ತ್ರಾಸು, ನಾ ಇಲ್ಲೇನು ಬಿಡಲಿಕ್ಕ?" ಎಂದರು. ಬ್ಯಾಂಕು, ಕರೆಂಟ್ ಬಿಲ್ಲು, ನೆಂಟರ ಜಗಳ, ಎಲ್ಲದಕ್ಕೂ ಅದೇ ಮಾತು. ಇಪ್ಪತ್ತೊಂಬತ್ತು ವರ್ಷ ಅದನ್ನು ಪ್ರೀತಿ ಎಂದುಕೊಂಡು ಸುಖವಾಗಿದ್ದೆ. ಪ್ರೀತಿ ಹೌದು, ಇಲ್ಲವೆನ್ನುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ನರ್ಸು ಬಂದು ಪೇಷಂಟಿನ ಕಡೆಯವರು ಯಾರು ಎಂದು ಕೇಳಿದಾಗ, ಪಕ್ಕದಲ್ಲೇ ಕೂತಿದ್ದ ನನ್ನನ್ನು ಬಿಟ್ಟು, ಬಾಗಿಲಲ್ಲಿ ನಿಂತ ನಿನ್ನ ಕಡೆ ಕೈ ತೋರಿಸಿದರು. ಅದನ್ನು ನೀನು ಮರೆತಿರಬಹುದು.

ಮೊನ್ನೆ ಶನಿವಾರ ಒಂದು ಕೆಲಸ ಮಾಡಿದೆ. ಅವರು ಹೊರಡುತ್ತಿದ್ದ ಹೊತ್ತಿಗೇ ಹೊರಟು, ಕೋಠಿಯಲ್ಲಿ ಬಸ್ಸು ಹತ್ತಿ ಗಚ್ಚಿಬೌಲಿಯ ಆ ಆಸ್ಪತ್ರೆಯ ಕಡೆ ಹೋದೆ. ನಿನಗೆ ತಿಳಿಸಲಿಲ್ಲ. ನಿಮ್ಮಿಬ್ಬರದೇ ಎನ್ನುವ ಆ ಜಾಗ ಹೇಗಿದೆ ಎಂದು ನೋಡಬೇಕಾಗಿತ್ತು, ಅಷ್ಟೆ. ಕಾರುಗಳ ನಡುವೆ ರಸ್ತೆ ದಾಟಲು ಹತ್ತು ನಿಮಿಷ ನಿಂತೆ. ಆಸ್ಪತ್ರೆಯ ಎದುರು ಒಂದೇ ಬಂಡಿ ಇತ್ತು. ನನ್ನಷ್ಟೇ ವಯಸ್ಸಿನ ಹೆಂಗಸು ಚಹಾ ಸೋಸುತ್ತಿದ್ದಳು. ಫೋನಿನಲ್ಲಿದ್ದ ನಿಮ್ಮಿಬ್ಬರ ಫೋಟೋ ತೋರಿಸಿ, ಇವರು ಗೊತ್ತೇ ಎಂದು ಹಿಂದಿಯಲ್ಲಿ ಕೇಳಿದೆ. ಅವಳು ನೋಡಿ, "ಸಾರ್ ಕೈಸೇ ಹೈ ಅಮ್ಮಾ?" ಎಂದು ಅವರ ಆರೋಗ್ಯ ಕೇಳಿದಳು. ಅವರು ಈಗಿಲ್ಲವೆಂದು ಕೈಯಾಡಿಸಿದೆ. ಅವಳು ಸ್ಟವ್ ಆರಿಸಿ, ಸ್ಟೂಲ್ ಒರೆಸಿ ನನ್ನನ್ನು ಕೂರಿಸಿದಳು.

ಆಮೇಲೆ ಅವಳು ಅವರ ಮಾತು ಹೇಳಲಿಲ್ಲ, ನಿನ್ನ ಮಾತು ಹೇಳಿದಳು. ಅಪ್ಪ ಬರುವುದಕ್ಕೆ ಅರ್ಧ ಗಂಟೆ ಮೊದಲೇ ನೀನು ಬರುತ್ತಿದ್ದೆಯಂತೆ. ಬಂಡಿಯ ಹಿಂದೆ ಮೋರಿಯ ಹತ್ತಿರ ಕೂತು ವಾಂತಿ ಮಾಡಿಕೊಳ್ಳುತ್ತಿದ್ದೆಯಂತೆ. ಒಂದು ವಾರವಲ್ಲ, ಪ್ರತಿ ವಾರ. ಅವಳು ಮೊದಮೊದಲು ನೀನೇ ರೋಗಿ ಅಂದುಕೊಂಡಿದ್ದಳಂತೆ. ಅವಳ ಬಕೆಟ್ಟಿನ ನೀರಿನಲ್ಲಿ ಮುಖ ತೊಳೆದು, ತುಟಿಗೆ ಬಣ್ಣ ಹಚ್ಚಿಕೊಂಡು, ಅಪ್ಪ ಆಟೋದಿಂದ ಇಳಿಯುವಾಗ ನಗುತ್ತ ಎದುರು ಹೋಗುತ್ತಿದ್ದೆಯಂತೆ.

ಅವಳು ಕೊಟ್ಟ ಚಹಾ ನನಗೆ ಕುಡಿಯಲಾಗಲಿಲ್ಲ, ಐಶೂ. ಇದನ್ನು ನೀನು ನನಗೆ ಹೇಳಲೇ ಇಲ್ಲ. ಹೇಳಲು ನಾನೆಲ್ಲಿ ಬಿಟ್ಟೆ? ನಿಮ್ಮಿಬ್ಬರ ಶನಿವಾರಗಳೆಂದರೆ ನನ್ನನ್ನು ಹೊರಗಿಟ್ಟು ನೀವು ಉಂಡ ಹಬ್ಬದೂಟ ಎನ್ನುವಂತೆ ಮೂರು ತಿಂಗಳು ಕುದಿದೆ. ಇಪ್ಪತ್ತೇಳು ವರ್ಷದ ನನ್ನ ಕೂಸು ಮೋರಿಯ ಹತ್ತಿರ ಒಬ್ಬಳೇ ಕೂತಿದ್ದಾಗ, ನಾನು ಮನೆಯಲ್ಲಿ ಮುಖ ಊದಿಸಿಕೊಂಡಿದ್ದೆ.

ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಮರಳುವಾಗಲೂ, ಅವರು ಕೂರುತ್ತಿದ್ದ ಸ್ಟೂಲ್ ಯಾವುದೆಂದು ನಿನಗೆ ಗೊತ್ತು, ನನಗೆ ಗೊತ್ತಿಲ್ಲ ಎಂದು ಮನಸ್ಸು ಚುಚ್ಚಿತು. ಆದರೆ ಕಸಕೊಂಡಿ ಎಂದು ಅವತ್ತು ಆಡಿದ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕ್ಷಮಿಸು ಎಂದು ಮಗಳಿಗೆ ಬರೆದು ರೂಢಿಯಿಲ್ಲ. ಬರೆದಿದ್ದೇನೆ, ಓದಿಕೋ.

ಭಾನುವಾರ ಬಾ. ಅವರು ಏನು ಹೇಳಿದ್ದಾರೋ ಹೇಳು. ನನಗೆ ನೋವಾಗುವ ಮಾತಾದರೂ ಬಿಡದೆ ಹೇಳು. ನಾನು ಎದ್ದು ಒಳಗೆ ಹೋಗಲು ನೋಡಿದರೆ ಕೈ ಹಿಡಿದು ಕೂರಿಸು. ಅವರ ಗೀರು ಗೀರಿನ ಅಂಗಿ ನೀನು ಒಯ್ದಿದ್ದೀಯ, ನನಗೆ ಗೊತ್ತಿದೆ. ಅದು ನಿನ್ನ ಹತ್ತಿರವೇ ಇರಲಿ.

ನಿನ್ನ ದಾರಿ ನೋಡುತ್ತಿರುವ,
ಅವ್ವ
ಶಿವದೇವಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಜುಲೈ ತಿಂಗಳಲ್ಲೇ ಅವರ ಅಂಗಡಿಯ ಚೀಲದಲ್ಲಿ ಆ ರಿಪೋರ್ಟು ನನಗೆ ಸಿಕ್ಕಿತ್ತು. ಕ್ಯಾನ್ಸರ್ ಎಂದು ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಮಡಿಕೆ ತಪ್ಪದ ಹಾಗೆ ಮಡಚಿ ಅಲ್ಲೇ ಇಟ್ಟೆ. ನಾಲ್ಕು ದಿನದ ಮೇಲೆ ಅವರು ಅಡುಗೆಮನೆಗೆ ಬಂದು, "ಶಿವಾ, ಕುಂದರು. ನಿನಗೊಂದು ಮಾತು ಹೇಳೋದೈತಿ" ಎಂದರು. ನಾನು ಮಿಕ್ಸರ್ ಹಾಕಿದೆ. ಜಾರಿನಲ್ಲಿ ಏನೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತು ಹೊರಗೆ ಹೋದರು, ಮತ್ತೆಂದೂ ಹಾಗೆ ಬರಲಿಲ್ಲ. ನೀನು ಅವರನ್ನು ಕಸಿದುಕೊಳ್ಳಲಿಲ್ಲ, ಐಶೂ. ನಿನ್ನ ಕಡೆ ಕಳಿಸಿದವಳು ನಾನೇ.